ಕಣ್ಣು ಮುಚ್ಚಿಕೊಳ್ಳುವ ಫೋಟೊ

ಇದನ್ನು ನೀವು ನಂಬುವುದಿಲ್ಲ. ನಂಬಿ ಎಂದು ನಾನು ಕೇಳುತ್ತಲೂ ಇಲ್ಲ. ಕಾಲೇಜಿನಲ್ಲಿ ಕಡೇ ಬೆಂಚಿನವರಿಗೆ ಹೇಳಿದಾಗ ಅರ್ಧ ಜನ ನಕ್ಕರು, ಉಳಿದರ್ಧ ಜನ ಅವತ್ತಿನಿಂದ ನನ್ನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟರು. ಫಿಸಿಕ್ಸ್ ಮೇಷ್ಟ್ರು ಮಾತ್ರ ಪೂರ್ತಿ ಕೇಳಿಸಿಕೊಂಡು, ಇದರಲ್ಲಿ ಅರ್ಧ ಸುಳ್ಳು ಅಂದರು. ಯಾವ ಅರ್ಧ ಎಂದು ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ.

ಹಿರಿಯೂರಿನಲ್ಲಿ ನಮ್ಮದೊಂದು ಫೋಟೊ ಸ್ಟುಡಿಯೋ ಇದೆ. ಧರ್ಮಪುರದ ಬಸ್ಸು ಇಳಿದವರು ಮೂಗು ಹಿಡಿದುಕೊಂಡು ಚರಂಡಿ ದಾಟಿದರೆ ಸಿಗುವ ಮೊದಲನೇ ಅಂಗಡಿ. ತಾತ ಶುರು ಮಾಡಿದ್ದು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು ಎಲ್ಲ ಊರಿನಲ್ಲೂ ತೆಗೆಯುತ್ತಾರೆ. ನಮ್ಮ ಸ್ಟುಡಿಯೋ ಹೆಸರು ಮಾಡಿದ್ದು ಬೇರೆ ಕೆಲಸಕ್ಕೆ. ತಾತ ಸತ್ತವರ ಕಣ್ಣು ತೆರೆಸುತ್ತಿದ್ದರು.

ಹೆದರಬೇಡಿ. ನಮ್ಮ ಕಡೆ ಯಾರಾದರೂ ಹೋದರೆ, ಎತ್ತುವ ಮೊದಲು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಮನೆಯವರೆಲ್ಲ ಸುತ್ತ ನಿಂತು ಒಂದು ಫೋಟೊ ತೆಗೆಸುತ್ತಾರೆ. ಬದುಕಿರುವಾಗ ಕ್ಯಾಮೆರಾಕ್ಕೆ ಸಿಗದೇ ಹೋದವರಿಗೆ ಅದೇ ಮೊದಲನೇದು, ಅದೇ ಕಡೇದು. ಆದರೆ ಮುಚ್ಚಿದ ಕಣ್ಣಿನ ಫೋಟೊ ಗೋಡೆಗೆ ಹಾಕುವುದು ಹೇಗೆ? ತಿಥಿಯ ದಿನ ಎಡೆ ಇಟ್ಟಾಗ ಅವರು ಎಡೆಯನ್ನು ನೋಡಬೇಡವೇ? ಅದಕ್ಕೆ ತಾತ ಮುಖವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿ, ರೆಪ್ಪೆಯ ಮೇಲೆ ಕಣ್ಣು ಕೂರಿಸುತ್ತಿದ್ದರು. ಮೊದಲೆಲ್ಲ ಬ್ರಷ್ಷಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಜನ ಬಂದು ನೋಡಿ, ಥೇಟ್ ಜೀವ ಇದ್ದಂಗೇ ಐತೆ ಅಂತ ಅಲ್ಲೇ ಅಳಲು ಶುರು ಮಾಡುತ್ತಿದ್ದರು. ಎಳನೀರು ಮಾರುವವನು ನಮ್ಮ ಅಂಗಡಿ ಮುಂದೆಯೇ ಗಾಡಿ ನಿಲ್ಲಿಸುತ್ತಿದ್ದುದಕ್ಕೆ ಅದೇ ಕಾರಣ. ಅತ್ತವರಿಗೆ ಬಾಯಾರುತ್ತದೆ.

ತಾತನ ಕಂಪ್ಯೂಟರಿನಲ್ಲಿ ಇದ್ದದ್ದು ಲಿನಕ್ಸ್. ಒಂದು ಸಲ ವೈರಸ್ ಬಂದು ಹೊಸದುರ್ಗದ ಒಂದು ಇಡೀ ಮದುವೆಯನ್ನು, ತಾಳಿಯಿಂದ ಹಿಡಿದು ತಾಂಬೂಲದವರೆಗೆ, ತಿಂದುಹಾಕಿತ್ತಂತೆ. ಅವತ್ತೇ ತಾತ ಸಿಪಿಯು ಡಬ್ಬವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋಗಿ, ಒಬ್ಬ ರಿಪೇರಿಯವನ ಹತ್ತಿರ ಇದನ್ನು ಹಾಕಿಸಿ, ಅವನ ಅಂಗಡಿಯಲ್ಲೇ ಕೂತು ಕಲಿತು ಬಂದರು. ಟೈಪು ಮಾಡುವುದು ಒಂದೇ ಬೆರಳಲ್ಲಿ. ಒತ್ತುವ ಮೊದಲು ಪ್ರತಿ ಅಕ್ಷರವನ್ನೂ ಮಂತ್ರದಂತೆ ಗಟ್ಟಿಯಾಗಿ ಹೇಳುತ್ತಿದ್ದರು. ಹೀಗಾಗಿ ಇಡೀ ಮೆಷಿನ್ನಿನ ಪಾಸ್‌ವರ್ಡು ನನಗೂ ಗೊತ್ತು, ಎಳನೀರಿನವನಿಗೂ ಗೊತ್ತು.

ಈ ಲಿನಕ್ಸಿನ ಸ್ವಭಾವ ಸ್ವಲ್ಪ ಹೇಳಬೇಕು. ಅದರಲ್ಲಿ ಪ್ರತಿಯೊಂದು ಫೈಲಿಗೂ ಒಬ್ಬ ಒಡೆಯ. ಯಾರು ನೋಡಬಹುದು, ಯಾರು ತಿದ್ದಬಹುದು ಎಂದು ಒಡೆಯ ಹೇಳಿದ ಹಾಗೆ. ಅವನು ಬಿಡದಿದ್ದರೆ ಬಾಗಿಲಲ್ಲೇ ‘ಪರ್ಮಿಶನ್ ಡಿನೈಡ್’ ಎಂದು ತಳ್ಳುತ್ತದೆ. ಆ ಮೆಷಿನ್ನಿನಲ್ಲಿ ಇದ್ದದ್ದು ಇಬ್ಬರ ಹೆಸರು: ಅಪ್ಪನದು, ತಾತನದು. ಫೋಟೊಗಳಿಗೆಲ್ಲ ತಾತನೇ ಒಡೆಯ.

ಕಳೆದ ಮಳೆಗಾಲದಲ್ಲಿ ತಾತ ಹೋದರು. ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಅವರದ್ದು ಬೇಕಾದಷ್ಟು ಫೋಟೊ ಇದ್ದವು, ಕಣ್ಣು ತೆರೆಸುವ ಕೆಲಸ ಬೀಳಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಅಪ್ಪ ಒಂದೊಂದೇ ಕಡೆ ಅವರ ಹೆಸರು ತೆಗೆಸುತ್ತ ಬಂದರು. ರೇಷನ್ ಕಾರ್ಡಾಯಿತು, ಬ್ಯಾಂಕಾಯಿತು, ಗ್ಯಾಸ್ ಆಯಿತು. ಕೊನೆಗೆ ನನ್ನ ಕಡೆ ತಿರುಗಿ, ಕಂಪ್ಯೂಟರಲ್ಲೂ ತೆಗೆದುಬಿಡು ಅಂದರು. ನಾನು ಆ ಹೊತ್ತಿಗೆ ಮನೆಯಲ್ಲಿ ದೊಡ್ಡ ಇಂಜಿನಿಯರ್ ಎಂದು ಹೆಸರು ಮಾಡಿದ್ದೆ. ಅತ್ತೆಯ ಫೋನಿನ ಬ್ರೈಟ್‌ನೆಸ್ ಜಾಸ್ತಿ ಮಾಡಿಕೊಟ್ಟಿದ್ದೇ ನನ್ನ ಪದವಿ. ಒಂದು ಸಾಲು ಹೊಡೆದೆ, ಎಂಟರ್ ಒತ್ತಿದೆ. ಮೆಷಿನ್ ಏನೂ ಹೇಳಲಿಲ್ಲ. ಕೆಳಗೆ ಖಾಲಿ ಸಾಲು ಬಂದು ಕರ್ಸರಿನ ಕಡ್ಡಿ ಮಿನುಗುತ್ತ ನಿಂತಿತು. ಅಷ್ಟು ವರ್ಷ ಕೂತಿದ್ದ ಮನುಷ್ಯ, ಒಂದು ಸದ್ದೂ ಇಲ್ಲದೆ ಹೋಗಿಬಿಟ್ಟರು.

ಫೋಟೊಗಳು ಎಲ್ಲೂ ಹೋಗಲಿಲ್ಲ. ಆದರೆ ಒಡೆಯನ ಜಾಗದಲ್ಲಿ ತಾತನ ಹೆಸರು ಇದ್ದಲ್ಲೆಲ್ಲ ಈಗ ಬರೀ 1001 ಎಂಬ ನಂಬರು. ಆ ಮೆಷಿನ್ನಿಗೆ ಹೆಸರು ಬೇಕಾಗಿಲ್ಲವಂತೆ. ಹೆಸರು ನಮ್ಮಂಥವರು ಓದಲಿ ಎಂದು ಮೇಲೆ ಅಂಟಿಸಿದ್ದು. ಒಳಗೆ ಅದು ಎಲ್ಲರನ್ನೂ ನಂಬರಿನಲ್ಲೇ ಗುರುತು ಹಿಡಿಯುತ್ತದೆ. ನಾನು ಚೀಟಿ ಕಿತ್ತಿದ್ದೆ. ನಂಬರು ಕಿತ್ತಿರಲಿಲ್ಲ.

ಇನ್ನು ಒಬ್ಬ ಹೆಂಗಸು ಬಂದ ಕತೆ. ಧರ್ಮಪುರದಿಂದಲೂ ಆಚೆ, ಆಂಧ್ರದ ಗಡಿ ಹತ್ತಿರದ ಹಟ್ಟಿಯವಳು. ಕುರಿ ಸಾಕುವ ಮನೆ. ಹೆಗಲ ಮೇಲೆ ಕಂಬಳಿ, ಕಂಬಳಿಯ ಜೊತೆಗೆ ಒಂದು ಮಂದೆಯಷ್ಟು ಕುರಿ ವಾಸನೆ. ಅವಳ ಅವ್ವ ತೀರಿಕೊಂಡಾಗ ಇವಳು ಗಂಡನ ಜೊತೆ ಕುರಿ ಹೊಡೆದುಕೊಂಡು ದೂರ ಎಲ್ಲೋ ಇದ್ದಳಂತೆ. ಸುದ್ದಿ ಮುಟ್ಟಿ, ಬಸ್ಸು ಹಿಡಿದು, ಮನೆ ಸೇರುವ ಹೊತ್ತಿಗೆ ಯಾರೋ ಕಣ್ಣು ಮುಚ್ಚಿಸಿ ಕುರ್ಚಿಯಲ್ಲಿ ಕೂರಿಸಿಯಾಗಿತ್ತು. ಫೋಟೊ ತೆಗೆಯಲು ಹೋಗಿದ್ದವರು ನಮ್ಮಪ್ಪನೇ.

ಬೇರೆ ಫೋಟೊ ಇಲ್ಲವಾ ಎಂದು ಕೇಳಿದೆ. ಆಧಾರ್ ಕಾರ್ಡಿನಲ್ಲಿ ಇತ್ತಂತೆ. ಕಾರ್ಡು ಲಂಗದ ಜೇಬಿನಲ್ಲೇ ಉಳಿದು ಕಲ್ಲಿನ ಮೇಲೆ ಒಗೆತಕ್ಕೆ ಸಿಕ್ಕಿ, ಈಗ ಅದರಲ್ಲಿ ಮೂಗು ಮಾತ್ರ ಉಳಿದಿದೆ. ತಮ್ಮನ ಮೊಬೈಲಿನಲ್ಲಿ ಹತ್ತಾರು ಇದ್ದವು. ಅವೆಲ್ಲದರಲ್ಲೂ ಅವ್ವ ಸೆರಗನ್ನು ಮುಖಕ್ಕೆ ಅಡ್ಡ ಹಿಡಿದಿದ್ದಾಳೆ, ಅಥವಾ ತೆಗೆಯುವವನ ಕಡೆ ಕೋಲು ಎತ್ತಿದ್ದಾಳೆ. ಒಂದು ವಾರದಲ್ಲಿ ತಿಥಿ. ಅಷ್ಟರೊಳಗೆ ಕಣ್ಣು ಬಿಟ್ಟ ಫೋಟೊ ಬೇಕು.

“ಎಲ್ರೂನೂ ಕೊನೇ ಗಳಿಗೇಲಿ ನೋಡಿದ್ಲಂತೆ,” ಅಂದಳು. “ನನ್ನೊಬ್ಳನ್ನೇ ನೋಡಿಲ್ಲ. ಒಂದ್ಸಲ ನೋಡಂಗೆ ಮಾಡಪ್ಪ.”

ನಾನು, ಇದು ನಮಗೆ ಎಡಗೈ ಕೆಲಸ, ನಾಳಿದ್ದು ಬಂದು ತಗೊಂಡು ಹೋಗಿ ಅಂದೆ. ಅಪ್ಪ ಹೊಳಲ್ಕೆರೆಯಲ್ಲಿ ಮದುವೆಗೆ ಹೋಗಿದ್ದರು. ಅಲ್ಲಿಂದ ಹೊಸದುರ್ಗದಲ್ಲಿ ಇನ್ನೊಂದು. ನಾನೇ ರಾಜ.

ಪಕ್ಕದ್ದು ಫ್ರೇಮಿನ ಅಂಗಡಿ. ಆ ಮನೆಯವರು ತಲೆತಲಾಂತರದಿಂದ ಮರ, ಗಾಜಿನ ಕೆಲಸದವರು. ಅವರ ಮಗ ನನ್ನ ಕ್ಲಾಸಿನವನೇ. ನಾವು ಕಣ್ಣು ತೆರೆಸಿದರೆ ಅವರು ಕಟ್ಟು ಹಾಕುತ್ತಾರೆ. ಅವನು ಅಳತೆ ತೆಗೆದುಕೊಳ್ಳುವ ನೆಪದಲ್ಲಿ ಬಂದು ನನ್ನ ಹಿಂದೆ ಸ್ಟೂಲು ಹಾಕಿಕೊಂಡು ಕೂತ. ಇಂಥ ಪ್ರೇಕ್ಷಕ ಇದ್ದರೆ ನನ್ನ ಕೈ ಎರಡು ಪಟ್ಟು ಓಡುತ್ತದೆ.

ಫೋಟೊ ತೆರೆಯಿತು. ಬಿಳಿ ಕೂದಲು, ಹಣೆಯ ತುಂಬ ಭಂಡಾರ, ಬಿಗಿದ ತುಟಿ. ಯಾರನ್ನೋ ಬೈಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ನಿದ್ದೆ ಬಂದಂತಿದ್ದ ಮುಖ. ಇಂಟರ್‌ನೆಟ್ಟಿನಿಂದ ಒಂದು ಜೊತೆ ಒಳ್ಳೆಯ ಕಣ್ಣು ತಂದು ಕೂರಿಸಿದೆ.

“ಲೇ, ಇವಮ್ಮ ಎಡೆ ಉಣ್ಣಾಕೆ ಬಂದಂಗಿಲ್ಲ,” ಅಂದ ಫ್ರೇಮಿನವನು. “ಸೋಪಿನ ಜಾಹೀರಾತಿಗೆ ಬಂದಂಗವ್ಳೆ.”

ನಿಜ. ರೆಪ್ಪೆಗೂದಲು ಹುಬ್ಬು ಮುಟ್ಟುತ್ತಿದ್ದವು. ಅಳಿಸಿ, ನಾನೇ ಕಷ್ಟಪಟ್ಟು ಎರಡು ಸಾಧಾರಣ ಕಣ್ಣು ಬರೆದು ಸೇವ್ ಒತ್ತಿದೆ. ‘ಪರ್ಮಿಶನ್ ಡಿನೈಡ್.’ ಅಪ್ಪನ ಹೆಸರಿನಲ್ಲಿ ಕೂತಿದ್ದೆನಲ್ಲ, ಅಪ್ಪನಿಗೆ ನೋಡಲು ಮಾತ್ರ ಅನುಮತಿ. ಒಡೆಯ ಯಾರೆಂದು ನೋಡಿದೆ. 1001.

ನನಗೆ ತಕ್ಷಣ ಹೊಳೆಯಲಿಲ್ಲ. ಹೊಳೆದದ್ದು ಫ್ರೇಮಿನವನಿಗೆ. ನಿಮ್ಮ ತಾತ ಹೋಗಿ ಎಷ್ಟು ತಿಂಗಳಾಯಿತು ಎಂದು ಕೇಳಿದ. ಈ ಮುದುಕಿ ಹೋಗಿದ್ದು ಯಾವಾಗ ಎಂದು ಕೇಳಿದ. ಆಮೇಲೆ ಸ್ಟೂಲನ್ನು ಬಾಗಿಲ ಕಡೆ ಸರಿಸಿದ. ತಾತ ಮಳೆಗಾಲದಲ್ಲಿ ಹೋದವರು. ಮುದುಕಿ ಹೋದದ್ದು ಈ ವಾರ. ಈ ವಾರ ತೆಗೆದ ಫೋಟೊಕ್ಕೆ ಮಳೆಗಾಲದಲ್ಲಿ ಮಣ್ಣಾದ ಮನುಷ್ಯ ಒಡೆಯನಾಗಿದ್ದ.

ನಾನು ನಕ್ಕೆ. ನಗು ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿ ಬಂತು. ಮೆಷಿನ್ನಿನಲ್ಲಿ ಎಲ್ಲರಿಗಿಂತ ಮೇಲಿನ ಅಧಿಕಾರದ ಪಾಸ್‌ವರ್ಡು ಹೊಡೆದು ಒಡೆತನವನ್ನು ಅಪ್ಪನ ಹೆಸರಿಗೆ ಬದಲಾಯಿಸಿ ಸೇವ್ ಮಾಡಿದೆ. ಆಯಿತು. ಮುದುಕಿ ಕಣ್ಣು ಬಿಟ್ಟಳು. ಆಗಲೇ ಕರೆಂಟು ಹೋಯಿತು.

ಹಿರಿಯೂರಿನಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ. ನಮ್ಮ ಯುಪಿಎಸ್ಸು ಕರೆಂಟು ಹೋದರೆ ಕಿರುಚುತ್ತದೆ ಅಷ್ಟೇ, ಕೊಡುವುದು ಏನೂ ಇಲ್ಲ. ಬಂದ ಮೇಲೆ ಮೆಷಿನ್ ತಾನೇ ಶುರುವಾಗುತ್ತದೆ, ತಾತ ಹಾಗೆ ಇಟ್ಟಿದ್ದರು. ಒಳಗಿನ ಹಳೇ ಡಿಸ್ಕು ಟಿಕ್ ಟಿಕ್ ಎನ್ನುವ ಸದ್ದು ಉಗುರಿನಲ್ಲಿ ಮೇಜು ಕುಟ್ಟಿದ ಹಾಗೆ ಕೇಳುತ್ತದೆ. ಫೋಟೊ ತೆರೆದೆ. ಕಣ್ಣು ಮುಚ್ಚಿತ್ತು. ಒಡೆಯ 1001.

ಸೇವ್ ಸರಿಯಾಗಿ ಆಗಿರಲಿಕ್ಕಿಲ್ಲ ಎಂದುಕೊಂಡೆ. ಮತ್ತೆ ಒಡೆತನ ಬದಲಾಯಿಸಿ, ಮತ್ತೆ ಬರೆದು, ಮತ್ತೆ ಸೇವ್ ಮಾಡಿ, ಮುಚ್ಚಿ, ತೆರೆದು ನೋಡಿ ಊಟಕ್ಕೆ ಹೋದೆ. ಊಟದ ನಡುವೆ ಫ್ಯಾನು ನಿಂತಿತು, ಮತ್ತೆ ತಿರುಗಿತು. ಎಂಜಲು ಕೈಯಲ್ಲೇ ಓಡಿಬಂದು ನೋಡಿದರೆ ಮುದುಕಿ ಆರಾಮಾಗಿ ಮಲಗಿದ್ದಳು. ಒಡೆಯ 1001.

ಫ್ರೇಮಿನವನು ಈಗ ಅಂಗಡಿಯೊಳಗೆ ಬರುತ್ತಿರಲಿಲ್ಲ. ಹೊಸ್ತಿಲ ಆಚೆ ನಿಂತು ಸಲಹೆ ಕೊಡುತ್ತಿದ್ದ. ಊದುಬತ್ತಿ ಹಚ್ಚು ಅಂದ. ನಾನು, ಇದು ಸಾಫ್ಟ್‌ವೇರಿನ ಸಮಸ್ಯೆ, ನಿನಗೆ ಅರ್ಥವಾಗಲ್ಲ ಅಂದೆ.

“ನಂಗರ್ಥ ಆಗೈತೆ,” ಅಂದ. “ನೀನು ಹೆಸ್ರು ಅಳಿಸ್ದೆ ಕಣೋ. ಆಳನ್ನ ಅಳಿಸ್ಲಿಲ್ಲ.”

ಊದುಬತ್ತಿ ಹಚ್ಚಿದೆ. ಸೊಳ್ಳೆ ಜಾಸ್ತಿ ಇದ್ದವು, ಅದಕ್ಕೆ.

ಮಾರನೇ ದಿನ ನಾನೇ ಪರೀಕ್ಷೆ ಮಾಡುವುದೆಂದು ತೀರ್ಮಾನಿಸಿದೆ. ಮಟಮಟ ಮಧ್ಯಾಹ್ನ, ಬೀದಿಯ ತುಂಬ ಜನ, ಎಳನೀರಿನವನು ಮಚ್ಚು ಹಿಡಿದು ಎದುರಿಗೇ ನಿಂತಿದ್ದಾನೆ. ಇದಕ್ಕಿಂತ ಧೈರ್ಯದ ಹೊತ್ತು ಸಿಗುವುದಿಲ್ಲ. ಮುದುಕಿಗೆ ಕಣ್ಣು ಬರೆದು ಸೇವ್ ಮಾಡಿ, ಮೆಷಿನ್ನನ್ನು ನಾನೇ ಆರಿಸಿ, ನಾನೇ ಹಚ್ಚಿದೆ. ಪರದೆ ಬಂದ ಕೂಡಲೇ ಸತ್ತವರ ಫೋಟೊಗಳ ಫೋಲ್ಡರ್ ತೆರೆದೆ. ಸಣ್ಣ ಸಣ್ಣ ಚೌಕದಲ್ಲಿ ಸಾಲಾಗಿ ಮುಖಗಳು, ಎಲ್ಲರದ್ದೂ ಕಣ್ಣು ಮುಚ್ಚಿದೆ, ನಡುವೆ ನನ್ನ ಮುದುಕಿ ಒಬ್ಬಳೇ ಕಣ್ಣು ಬಿಟ್ಟಿದ್ದಾಳೆ. ತರಗತಿಯೆಲ್ಲ ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ಕದ್ದು ನೋಡುವವಳ ಹಾಗೆ. ಗೆದ್ದೆ ಎಂದು ಹೊಸ್ತಿಲ ಕಡೆ ಕೂಗಿದೆ.

ಫ್ರೇಮಿನವನು ಕತ್ತು ಒಳಗೆ ಹಾಕಿ ನೋಡಿದ. ಡಿಸ್ಕು ಟಿಕ್ ಟಿಕ್ ಅಂದಿತು. ಚೌಕ ಒಂದು ಸಲ ಅದುರಿತು.

ನಾವಿಬ್ಬರೂ ನೋಡುತ್ತಿರುವಂತೆಯೇ ಅವಳು ಕಣ್ಣು ಮುಚ್ಚಿಕೊಂಡಳು.

ಅವನು ಹೋದದ್ದು ನನಗೆ ಕಾಣಲಿಲ್ಲ, ಅವನ ಒಂದು ಚಪ್ಪಲಿ ಮಾತ್ರ ಹೊಸ್ತಿಲಲ್ಲಿ ಇತ್ತು. ಅಂಗಡಿಯಲ್ಲಿ ತಾತನ ಕುರ್ಚಿ ಒಂದೇ ಇರುವುದು. ನಾನು ಅದರಲ್ಲೇ ಕೂತಿದ್ದೇನೆ ಎಂದು ಆವಾಗ ಗಮನಕ್ಕೆ ಬಂತು. ಕೂತ ಕಡೆ ಹತ್ತಿ ತಗ್ಗು ಬಿದ್ದಿದೆ. ಆ ತಗ್ಗು ನನ್ನ ಅಳತೆಯದ್ದಲ್ಲ. ಎಳನೀರಿನವನು ಹೊರಗಿನಿಂದ, ಏನಪ್ಪ, ಬೆವೆತು ತೊಪ್ಪೆಯಾಗಿದೀಯ ಅಂದ. ಬಿಸಿಲು ಅಂದೆ.

ಆಕೆ ಮಾರನೇ ದಿನ ಬರುವವಳಿದ್ದಳು. ಅವಳ ಅವ್ವನ ತಿಥಿ ನಿಲ್ಲುವುದಿಲ್ಲ. ಅಪ್ಪನಿಗೆ ಫೋನು ಮಾಡಿದರೆ ನನ್ನ ಮರ್ಯಾದೆ ಉಳಿಯುವುದಿಲ್ಲ. ಯೋಚಿಸಿ ಒಂದು ತೀರ್ಮಾನಕ್ಕೆ ಬಂದೆ. ನಾನು ಅಪ್ಪನ ಹೆಸರಿನಲ್ಲಿ ಕೂತಿರುವುದೇ ತಪ್ಪು. ತಾತ ಅಪ್ಪನ ಮಾತನ್ನು ಬದುಕಿದ್ದಾಗಲೇ ಕೇಳಿದವರಲ್ಲ. ನಾನು ಸ್ವಂತ ಹೆಸರಿನಲ್ಲಿ ಮಾತಾಡಬೇಕು. ಮೆಷಿನ್ನಿನಲ್ಲಿ ಹೊಸ ಖಾತೆ ತೆರೆದು, ‘ಬಾಸ್’ ಎಂದು ಹೆಸರಿಟ್ಟುಕೊಂಡೆ. ಅದರಲ್ಲಿ ಒಳಗೆ ಹೋಗಿ ಫೋಟೊಗಳ ಪಟ್ಟಿ ತೆಗೆದೆ.

1001 ಎಲ್ಲೂ ಇರಲಿಲ್ಲ. ಪಟ್ಟಿಯ ಮೇಲಿನಿಂದ ಕೆಳಗಿನವರೆಗೆ, ಪ್ರತಿಯೊಂದು ಫೋಟೊದ ಒಡೆಯ: ಬಾಸ್.

ಕೆಳಗೆ ಸರಿಸುತ್ತ ಹೋದೆ. ನಾನು ಹುಟ್ಟುವ ಮೊದಲಿನ ಮದುವೆಗಳು, ಬಾಸ್. ಅಪ್ಪ ಅಂಗಿಯಿಲ್ಲದೆ ಅಂಬೆಗಾಲಿಡುತ್ತಿರುವ, ತಾತ ಸ್ಕ್ಯಾನ್ ಮಾಡಿಟ್ಟ ಹಳೇ ಫೋಟೊ, ಬಾಸ್. ಸತ್ತು ಕುರ್ಚಿಯಲ್ಲಿ ಕೂತವರೆಲ್ಲ, ಬಾಸ್, ಬಾಸ್, ಬಾಸ್. ಒಂದು ನಿಮಿಷ ಎದೆ ಉಬ್ಬಿತು. ಆಮೇಲೆ ಅರ್ಥವಾಯಿತು. ಹೊಸಬನಿಗೆ ನಂಬರು ಕೊಡುವಾಗ ಮೆಷಿನ್ ಅಪ್ಪನ ನಂತರದ ಖಾಲಿ ನಂಬರು ಹುಡುಕಿದೆ. ಖಾಲಿ ಇದ್ದದ್ದು ಒಂದೇ, ತಾತನದು. ಅದನ್ನೇ ನನಗೆ ಕೊಟ್ಟಿದೆ. ಮೆಷಿನ್ನಿನ ಲೆಕ್ಕದಲ್ಲಿ ಯಾರೂ ಸತ್ತಿರಲಿಲ್ಲ. 1001 ಎದ್ದುಹೋಗಿದ್ದ, ಈಗ ವಾಪಸ್ಸು ಬಂದು ಕೂತಿದ್ದಾನೆ. ಆ ತಗ್ಗಿನ ಕುರ್ಚಿಯಲ್ಲಿ.

ನಾನು ತಾತನಾದ ಮೇಲೆ ತಾತನ ಬೀಗಗಳೆಲ್ಲ ತೆರೆದವು. ಅವರ ಸ್ವಂತ ಫೋಲ್ಡರಿಗೆ ಅಪ್ಪನಿಗೂ ಪ್ರವೇಶ ಇರಲಿಲ್ಲ. ಅದರೊಳಗೆ ಇದ್ದದ್ದು ಎರಡೇ ವಸ್ತು.

ಮೊದಲನೇದು, ಮೆಷಿನ್ ಶುರುವಾದಾಗಲೆಲ್ಲ ತಾನೇ ಓಡುವಂತೆ ಬರೆದಿಟ್ಟ ಕೆಲವು ಸಾಲಿನ ಆಜ್ಞೆ. ಅದನ್ನು ಓದಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ರೀಲಿನ ಕಾಲದಲ್ಲಿ ತಾತನ ಹತ್ತಿರ ನೆಗೆಟಿವ್ ತುಂಬಿದ ಬಿಸ್ಕೆಟ್ ಡಬ್ಬಗಳಿದ್ದವು. ಚಿಕ್ಕವನಾಗಿದ್ದಾಗ ಅವಕ್ಕೆ ಬೆರಳು ತಾಗಿಸಿದರೂ ಏಟು. ನೆಗೆಟಿವ್ವಿನ ಮೇಲೆ ಯಾರೂ ಗೀಚುವಂತಿಲ್ಲ. ಪ್ರಿಂಟು ಹಾಕು, ಪ್ರಿಂಟಿನ ಮೇಲೆ ಬಣ್ಣ ಬಳಿ, ಕಣ್ಣು ಬರಿ, ಮೀಸೆ ಬೇಕಾದರೂ ಇಡು. ಮೂಲವನ್ನು ಮುಟ್ಟಬೇಡ. ಕಂಪ್ಯೂಟರು ಬಂದ ಮೇಲೂ ಅವರು ಅದೇ ಡಬ್ಬ ಕಟ್ಟಿದ್ದರು, ಅಷ್ಟೇ. ಅಪ್ಪ ಕ್ಯಾಮೆರಾದ ಕಾರ್ಡು ಸಿಕ್ಕಿಸಿದರೆ ಪ್ರತಿ ಫೋಟೊದ ಒಂದು ನಕಲು ಒಳಗಿನ ಎರಡನೇ ಡಿಸ್ಕಿಗೆ ಹೋಗಿ ಕೂರುತ್ತದೆ. ಫೋಲ್ಡರಿನ ಒಡೆಯನೇ ಒಳಗೆ ಬಂದ ಫೋಟೊಕ್ಕೂ ಒಡೆಯ. ಸತ್ತವನ ಫೋಲ್ಡರಾದರೆ ಸತ್ತವನೇ. ಆಮೇಲೆ ಪ್ರತಿ ಸಲ ಮೆಷಿನ್ ಎದ್ದಾಗ, ಮೊದಲನೇ ಡಿಸ್ಕಿನ ಫೋಟೊವನ್ನು ಯಾರಾದರೂ ಗೀಚಿದ್ದರೆ, ಎರಡನೇ ಡಿಸ್ಕಿನ ನಕಲನ್ನು ತಂದು ಅದರ ಮೇಲೆ ಮುಚ್ಚುತ್ತದೆ. ಒಡೆತನದ ಸಮೇತ. ತಾತ ಕಣ್ಣು ತೆರೆಸುತ್ತಿದ್ದದ್ದು ಬೇರೆ ಕಡೆ ಇಟ್ಟ ಪ್ರತಿಯ ಮೇಲೆ. ನಾನು ನೆಗೆಟಿವ್ವಿನ ಮೇಲೇ ಗೀಚಿದ್ದೆ. ಸತ್ತ ಮೇಲೂ ಕೈ ಮೇಲೆ ಏಟು ಬಿದ್ದಿತ್ತು.

ಫ್ರೇಮಿನವನನ್ನು ಕರೆದು ವಿವರಿಸಿದೆ. ಪೂರ್ತಿ ಕೇಳಿದ, ಚಪ್ಪಲಿ ಹಾಕಿಕೊಂಡ, ಭೂತ ಅಲ್ಲ ಅಂತ ಎಲ್ಲಿ ಬರೆದಿದೆ ತೋರಿಸು ಎಂದು ಹೇಳಿ ಹೋದ. ಅದು ಮಾತ್ರ ಬರೆದಿರಲಿಲ್ಲ.

ಎರಡನೇದು ‘ಕಣ್ಣು’ ಎಂಬ ಫೋಲ್ಡರು. ಅದನ್ನು ತೆರೆದಾಗ ಅವನು ಪಕ್ಕದಲ್ಲಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಳಗೆ ಇದ್ದದ್ದು ಮುಖಗಳಲ್ಲ. ಅಡ್ಡಕ್ಕೆ ಕತ್ತರಿಸಿದ ಪಟ್ಟಿಗಳು. ಪ್ರತಿ ಪಟ್ಟಿಯಲ್ಲಿ ಒಂದು ಜೊತೆ ಕಣ್ಣು, ಪರದೆಯ ತುಂಬ, ಎಲ್ಲವೂ ನನ್ನ ಕಡೆಗೇ ಎನ್ನಿಸಿತು. ಗಂಡಸರಿಗೆ ಒಂದು, ಹೆಂಗಸರಿಗೆ ಒಂದು, ಮಕ್ಕಳಿಗೆ ಒಂದು. ಉಳಿದವೆಲ್ಲ ಅವೇ, ಬೆಳಕು ಹೆಚ್ಚು ಕಡಿಮೆ ಮಾಡಿದವು, ಸುತ್ತ ಸುಕ್ಕು ಸೇರಿಸಿದವು. ಗಂಡಸರದ್ದನ್ನು ನೋಡಿದ ಕೂಡಲೇ ಬೆನ್ನು ನೆಟ್ಟಗಾಯಿತು. ನಾನು ಸುಳ್ಳು ಹೇಳಿದಾಗಲೆಲ್ಲ ಕನ್ನಡಕದ ಮೇಲಿನಿಂದ ಹಾಗೆಯೇ ನೋಡುತ್ತಿದ್ದರು. ತಾತನವೇ. ಮಕ್ಕಳದ್ದು ನನ್ನವು, ಕಾಡಿಗೆ ಹಚ್ಚಿದ್ದ ಕಾಲದವು. ಹೆಂಗಸರದ್ದು ಅಮ್ಮನವು. ಎಡ ರೆಪ್ಪೆಯ ತುದಿಯಲ್ಲಿ ಸಣ್ಣ ಮಚ್ಚೆ, ನೀರು ತುಂಬಿ ಹೊಳೆಯುತ್ತಿರುವ ಕಣ್ಣು. ಮದುವೆಯ ಆಲ್ಬಮ್ಮಿನಿಂದ ತೆಗೆದದ್ದು.

ಬಹಳ ಹೊತ್ತು ಕೂತೆ. ಜವನಗೊಂಡನಹಳ್ಳಿಯ ಗೆಳೆಯನ ಮನೆಗೆ ಹೋದಾಗ ಗೋಡೆಯ ಮೇಲಿನ ಅವನ ಅಜ್ಜಿ ನಾನು ಮೂರನೇ ಹೋಳಿಗೆಗೆ ಕೈ ಹಾಕಿದ ತಕ್ಷಣ ನನ್ನನ್ನೇ ನೋಡಿದಂತಾಗಿ ನಾನು ಕೈ ಹಿಂದೆ ತೆಗೆದಿದ್ದೆ. ಅದು ಅಮ್ಮ. ಧರ್ಮಪುರದ ಹೋಟೆಲಿನಲ್ಲಿ ಗಲ್ಲಾದ ಮೇಲೆ ಹಾರ ಹಾಕಿಕೊಂಡ ಯಜಮಾನ, ತಾತ. ಜೋಗಿಮಟ್ಟಿಯ ದಾರಿಯ ಒಂದು ಮನೆಯಲ್ಲಿ ಕೆರೆಗೆ ಬಿದ್ದು ಹೋದ ಹುಡುಗನ ಫೋಟೊ ಇದೆ. ಒಂದು ಸಲ ಅಪ್ಪನ ಜೊತೆ ಹೋಗಿದ್ದಾಗ ಅವನ ತಾಯಿ ಯಾಕೋ ನನ್ನ ಗಲ್ಲ ಹಿಡಿದುಕೊಂಡು ಬಿಡಲೇ ಇಲ್ಲ. ಯಾಕೆಂದು ಈಗ ಗೊತ್ತಾಯಿತು. ಸುತ್ತಲಿನ ಹಳ್ಳಿಗಳ ಗೋಡೆಗಳಲ್ಲೆಲ್ಲ ನಮ್ಮ ಮನೆಯವರು ಮೊಳೆ ಹೊಡೆಸಿಕೊಂಡು ನಿಂತು ಬೇರೆಯವರ ಮನೆ ನೋಡುತ್ತಿದ್ದರು. ಅದರಲ್ಲಿ ಇಬ್ಬರು ಇನ್ನೂ ಬದುಕಿದ್ದರು.

ಹಾಗಂತ ಕೆಲಸ ನಿಲ್ಲುತ್ತದೆಯೇ? ಮಾರನೇ ದಿನ ಮುದುಕಿಯ ಫೋಟೊದ ಪ್ರತಿ ತೆಗೆದು ಬೇರೆ ಕಡೆ ಇಟ್ಟು, ಅದರ ಮೇಲೆ ಅಮ್ಮನ ಕಣ್ಣು ಕೂರಿಸಿ, ಸುತ್ತ ಸುಕ್ಕು ಎಳೆದೆ. ನಾನು ಮಾಡಿದ್ದು ಎಂದು ಹೇಳುತ್ತಿಲ್ಲ, ಆದರೆ ಅದ್ಭುತವಾಗಿತ್ತು. ಮೆಷಿನ್ ಆರಿಸಿ ಹಚ್ಚಿದೆ. ಕಣ್ಣು ತೆರೆದೇ ಇತ್ತು.

ಆಕೆ ಧರ್ಮಪುರದ ಬಸ್ಸಿಳಿದು ನೇರ ಬಂದಳು. ಪರದೆಯ ಮುಂದೆ ತಾತನ ಕುರ್ಚಿಯಲ್ಲಿ ಕೂರಿಸಿದೆ. ಕಂಬಳಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡಿದಳು. ಅಳಲಿಲ್ಲ. ಹತ್ತಿರ ಹೋದಳು, ಹಿಂದೆ ಸರಿದಳು. ಕುರ್ಚಿಯನ್ನು ಎಡಕ್ಕೆ ಎಳೆದುಕೊಂಡಳು, ಬಲಕ್ಕೆ ಎಳೆದುಕೊಂಡಳು.

“ನೋಡ್ತಾವ್ಳೆ,” ಅಂದಳು. “ಆದ್ರೆ ನನ್ನಲ್ಲ.”

ಮದುವೆಯ ದಿನ ಅಮ್ಮ ಕ್ಯಾಮೆರಾ ನೋಡಿರಲಿಲ್ಲ. ಪಕ್ಕದಲ್ಲಿ ನಿಂತ ಯಾರನ್ನೋ ನೋಡಿದ್ದಳು, ತವರಿನವರನ್ನೋ ಯಾರನ್ನೋ. ಅದು ನನಗೆ ಹೊಳೆದೇ ಇರಲಿಲ್ಲ. ಫೋಟೊದಲ್ಲಿರುವವಳು ಮಗಳ ಭುಜದ ಮೇಲಿಂದ ಹಿಂದೆ ನೋಡುತ್ತಿದ್ದಳು. ಯಾರನ್ನು ನೋಡ್ತಾಳೆ ಎನ್ನುತ್ತ ಆಕೆ ಆ ನೋಟದ ಜಾಡು ಹಿಡಿದು ಹಿಂದಕ್ಕೆ ತಿರುಗಿದಳು. ನಾನೂ ತಿರುಗಿದೆ.

ಬಾಗಿಲಲ್ಲಿ ಅಮ್ಮ ಊಟದ ಕ್ಯಾರಿಯರ್ ಹಿಡಿದು ನಿಂತಿದ್ದಳು.

ಆಕೆ ಅಮ್ಮನನ್ನು ನೋಡಿದಳು, ಪರದೆ ನೋಡಿದಳು, ಮತ್ತೆ ಅಮ್ಮನನ್ನು ನೋಡಿದಳು. ಬಾಯಿ ಮೇಲೆ ಕಂಬಳಿ ಒತ್ತಿಕೊಂಡಳು. ಅಮ್ಮ ಒಳಗೆ ಬಂದು ಕ್ಯಾರಿಯರ್ ಕೆಳಗಿಟ್ಟು, ಪರದೆಯ ಹತ್ತಿರ ಬಗ್ಗಿ, ಎಡ ರೆಪ್ಪೆಯ ಮಚ್ಚೆಯನ್ನು ಬೆರಳಿನಿಂದ ಮುಟ್ಟಿದಳು. ಇದು ಎಲ್ಲಿ ಸಿಕ್ಕಿತು ಎಂದು ಕೇಳಿದಳು. ತಾತನ ಫೋಲ್ಡರು ತೋರಿಸಿದೆ. ತಾತ ಕಣ್ಣು ತೆರೆಸಿದ ಹೆಂಗಸರ ಫೋಟೊಗಳನ್ನು ಒಂದಾದ ಮೇಲೊಂದು ತೋರಿಸು ಅಂದಳು. ತೋರಿಸಿದೆ. ಅಷ್ಟು ಜನ ಅಮ್ಮಂದಿರು ಅಮ್ಮನ ಭುಜದಾಚೆ ನೋಡುತ್ತಿದ್ದರು.

“ನನ್ನ ಒಂದ್ಮಾತು ಕೇಳ್ಬೇಕಿತ್ತು,” ಅಂದಳು. ನನಗೆ ಹೇಳಿದ್ದಲ್ಲ. “ತೆಗಿ ಅದನ್ನ.”

“ಇರ್ಲಿ ಬಿಡಮ್ಮ,” ಅಂದಳು ಆಕೆ. “ಎಡೆ ಇಡಾಕೆ ಕಣ್ಣು ಬೇಕು. ಮುಚ್ಚಿದ್ದನ್ನ ಹೆಂಗ್ ಹಾಕ್ಲಿ?”

“ನಿಮ್ಮವ್ವ ಮಲಗಿದ್ದು ನೋಡಿಲ್ವೇನ್ರಿ? ಹಂಗೇ ಅಂದ್ಕಳ್ರಿ.”

“ಇಲ್ಲಮ್ಮ. ನಾ ಏಳೋ ಹೊತ್ಗೆ ಎದ್ದಿರೋಳು. ನಾ ಮಲಗಿದ ಮ್ಯಾಕೆ ಮಲಗೋಳು. ನಿದ್ದೆ ಮಾಡಿದ್ದು ಒಂದಿನಾನೂ ನೋಡಿಲ್ಲ.”

ಅಮ್ಮ ಸ್ಟೂಲು ಎಳೆದುಕೊಂಡು ಆಕೆಯ ಪಕ್ಕದಲ್ಲಿ ಕೂತು, ಮೊದಲಿನದ್ದನ್ನು ತೆರೆ ಎಂದು ನನಗೆ ಸನ್ನೆ ಮಾಡಿದಳು. ಮೂಲ ತೆರೆದೆ. ಬಿಳಿ ಕೂದಲು, ಭಂಡಾರ, ಬಿಗಿದ ತುಟಿ, ಮುಚ್ಚಿದ ಕಣ್ಣು.

“ಹಂಗಾದ್ರೆ ಈಗ ನೋಡ್ಕಳ್ರಿ,” ಅಂದಳು ಅಮ್ಮ.

ಆಕೆ ನೋಡಿದಳು. ಕಂಬಳಿ ಬಾಯಿಂದ ಇಳಿಯಿತು. ಹೊರಗೆ ಎರಡು ಬಸ್ಸು ಬಂದು ಹೋದವು. ಇಬ್ಬರೂ ಮಲಗಿರುವ ಮಗುವನ್ನು ಎಬ್ಬಿಸಬಾರದೆಂಬಂತೆ ಕೂತಿದ್ದರು. ಕೊನೆಗೆ ಆಕೆ ಪಿಸುದನಿಯಲ್ಲಿ, ಇದನ್ನೇ ಕೊಡಿ ಅಂದಳು. ಪ್ರಿಂಟು ಹಾಕಿದೆ. ಅಮ್ಮ ಅದನ್ನು ತಾನೇ ಕಾಗದದಲ್ಲಿ ಸುತ್ತಿ ಫ್ರೇಮಿನ ಅಂಗಡಿಗೆ ಕರೆದುಕೊಂಡು ಹೋಗಿ ಬಿಟ್ಟು ಬಂದಳು.

ವಾಪಸ್ಸು ಬಂದವಳು ನನ್ನ ಹಿಂದೆ ನಿಂತು ಆ ಪಟ್ಟಿಗಳನ್ನೆಲ್ಲ ಅಳಿಸಿಸಿದಳು. ಎರಡೂ ಡಿಸ್ಕಿನಿಂದ. ತಾತನದ್ದು ಮಾತ್ರ ಇಟ್ಟುಕೊಳ್ಳಲಾ ಎಂದು ಕೇಳಿದೆ. ಅದನ್ನೂ ಅಂದಳು. ಕೊನೆಯದು ಹೋದ ಮೇಲೆ ಪರದೆ ಆರಿಸಿ, ನನ್ನ ಜೇಬಿಗೆ ಕೈ ಹಾಕಿ ಅಂಗಡಿಯ ಬೀಗದ ಕೈ ತೆಗೆದುಕೊಂಡು, ಕಾಲೇಜಿನ ಪರೀಕ್ಷೆ ಮುಗಿಯುವವರೆಗೆ ಈ ಕಡೆ ತಲೆ ಹಾಕಿಯೂ ಮಲಗಬೇಡ, ನಡಿ ಅಂದಳು.